ಹಸಿರು ಪಾಸ್‌ಪೋರ್ಟಿನ ಬಸ್ಸು

ಮೇ 12, 2014. ಸೋಮವಾರ

ಕುರ್ಚಿಗಳ ವಾರ್ನಿಷ್ ಮತ್ತೆ ಗುಳ್ಳೆ ಎದ್ದಿದೆ. ಟಾಂಗ್ ಮೇಸ್ತ್ರಿ ಬೆಳಿಗ್ಗೆಯಿಂದ ಹುಡುಗಿಯರ ಮೇಲೆ ಎಗರಾಡುತ್ತಿದ್ದಾನೆ. ಚೀನಾದ ಸಿಚುವಾನಿನವನು, ಬಾಯಲ್ಲೂ ಮೆಣಸಿನಕಾಯಿ. ಎಂಟು ವರ್ಷದಿಂದ ನಮ್ಮ ಬಣ್ಣದ ವಿಭಾಗ ನಿಂತಿರುವುದೇ ಅವನ ಮೇಲೆ. ನನ್ನ ಗಂಡ ತೈವಾನಿನ ತೈಚುಂಗಿನಲ್ಲಿ ಆರ್ಡರ್ ಹುಡುಕುತ್ತಾ ಆರಾಮಾಗಿದ್ದಾನೆ. ಇಲ್ಲಿ ವಿಯೆಟ್ನಾಮಿನ ಕಾರ್ಖಾನೆಯಲ್ಲಿ ಗುದ್ದಾಟವೆಲ್ಲ ನನ್ನದು.

ಸಂಜೆ ತೈವಾನ್ ವ್ಯಾಪಾರಿಗಳ ಸಂಘದ ಊಟ. ನಾನು ಕಾರ್ಯದರ್ಶಿ, ಅಂದರೆ ಮೀನು ಆರ್ಡರ್ ಮಾಡುವವಳು. ತಮ್ಮದೆನ್ನುವ ಸಮುದ್ರದಲ್ಲಿ ಚೀನಾದವರು ತೈಲ ಕೊರೆಯುವ ಯಂತ್ರ ತಂದು ನಿಲ್ಲಿಸಿದಾಗಿನಿಂದ ವಿಯೆಟ್ನಾಮಿನವರ ರಕ್ತ ಕುದಿಯುತ್ತಿದೆ. ಪಕ್ಕದ ಬೀದಿಯಲ್ಲಿ ಚೀನಾದವನೊಬ್ಬನ ಹಲ್ಲು ಉದುರಿಸಿದರಂತೆ. ಅಧ್ಯಕ್ಷ ಫಾಂಗ್ ನಕ್ಕರು.

"ಅವರ ಜಗಳ ಚೀನಾ ಜೊತೆ. ನಮಗೇನಾಗುತ್ತೆ? ನೀನೊಬ್ಬಳು ಪುಕ್ಕಲಿ, ಫೆನ್."

ಆದರೂ ಪ್ರತಿ ಕಾರ್ಖಾನೆಗೂ ಒಂದೊಂದು ಬ್ಯಾನರ್ ಹಂಚಿದರು. ವಿಯೆಟ್ನಾಮಿ ಭಾಷೆಯಲ್ಲಿ — ನಾವು ತೈವಾನಿನವರು, ಚೀನಾದವರಲ್ಲ.

ಮೇ 13. ಬೆಳಿಗ್ಗೆ

ಬ್ಯಾನರ್ ಕಟ್ಟಲು ಏಣಿ ಹತ್ತಿದವನು ಟಾಂಗ್. ಬೇರೆಯವರ ಗಂಟು ಅವನಿಗೆ ಹಿಡಿಸುವುದಿಲ್ಲ. ಓದಿಕೊಂಡು ಹಲ್ಲು ಕಿರಿದ.

"ನೋಡಿ ಅಮ್ಮಾವ್ರೇ, ನಾನಿಲ್ಲಿ ಇಲ್ಲ ಅಂತ ನಾನೇ ಕಟ್ತಾ ಇದ್ದೀನಿ."

"ಬಾಯ್ಮುಚ್ಕೊಂಡು ಇಳಿಯೋ" ಅಂದೆ. ನಗು ಬಂತು.

ಮಧ್ಯಾಹ್ನ

ಗಲಭೆಯವರು ಬಂದೇ ಬಿಟ್ಟರು. ಬೈಕುಗಳು, ಬಾವುಟ, ಕಬ್ಬಿಣದ ಸಲಾಕೆ. ಬ್ಯಾನರ್ ತೋರಿಸಿ ಕೂಗಿದೆ. ಒಬ್ಬ ಹುಡುಗ ಅದರ ಮೇಲಿನ ಬೋರ್ಡಿಗೆ ಕಲ್ಲು ಬೀರಿದ. "ಅದೇ ಅಕ್ಷರ, ಅದೇ ಮೂತಿ! ಏನ್ ವ್ಯತ್ಯಾಸ?"

ಬೋರ್ಡು... ಕಾರ್ಖಾನೆಯ ಹೆಸರು, ಚೀನೀ ಅಕ್ಷರ, ಚಿನ್ನದ ಬಣ್ಣ. ಬ್ಯಾನರ್ ಕಟ್ಟಿದೆವು, ಬೋರ್ಡು ಇಳಿಸಲಿಲ್ಲ! ಸಂಘದ ಯಾವ ಬೃಹಸ್ಪತಿಗೂ ಹೊಳೆಯಲಿಲ್ಲ, ನನಗೂ.

ಗೇಟ್ ಬಿತ್ತು. ಕಾವಲುಗಾರ ಹಿಯೆಪ್ ಅಡ್ಡ ನಿಂತ, ಅವರದೇ ಜನದವನು ಅಂತಲೂ ನೋಡದೆ ಅವನ ಕೈಯನ್ನೂ ಮುರಿದರು. ಬಣ್ಣದ ಗೋದಾಮಿಗೆ ಬೆಂಕಿ. ನನ್ನ ಜಡೆ ಹಿಡಿದವನ ಮುಖಕ್ಕೆ ಟಾಂಗ್ ಬಣ್ಣಕ್ಕೆ ಬೆರೆಸುವ ಥಿನ್ನರ್ ಎರಚಿ ನನ್ನನ್ನು ಎಳೆದುಕೊಂಡು ಓಡಿದ. ಅವನ ಹಣೆ ಸೀಳಿದೆ. ಒಣಗಿಸುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಸಂಘದಿಂದ ಫೋನ್. ಹಿಂಬಾಗಿಲಿಗೆ ಬಸ್ಸು ಕಳಿಸುತ್ತಾರಂತೆ.

ಮೇ 14. ಹೋಟೆಲ್

ಬರೆಯದೆ ಇರಲಾರೆ.

ನಿನ್ನೆ ಬಸ್ಸಿನ ಬಾಗಿಲಲ್ಲಿ ಫಾಂಗ್ ನಿಂತಿದ್ದರು. ಟಾಂಗನನ್ನು ನೋಡಿದರು. "ಪಾಸ್‌ಪೋರ್ಟ್ ಹಸಿರಾ, ಕೆಂಪಾ?" ಹಸಿರು ತೈವಾನಿನದು, ಕೆಂಪು ಚೀನಾದ್ದು.

"ಕೆಂಪು. ನಿಮಗೇ ಗೊತ್ತಲ್ಲ" ಅಂದೆ.

"ಗೊತ್ತು. ಅದಕ್ಕೇ ಕೇಳ್ದೆ. ದಾರೀಲಿ ತಡೆದು ನೋಡ್ತಿದಾರೆ. ಒಬ್ಬನಿಗೋಸ್ಕರ ನಲವತ್ತು ಜನಾನ ಸುಡಿಸ್ತೀಯಾ?"

"ಅವನಿಲ್ದೆ ನಾನು ಹತ್ತಲ್ಲ."

ಫಾಂಗ್ ಉಗಿದರು, ಹತ್ತಿಸಿಕೊಂಡರು. ಟಾಂಗನಿಗೆ ನನ್ನ ಗಂಡನ ಹೆಸರಿರುವ ಸಂಘದ ಜಾಕೆಟ್ ತೊಡಿಸಿದೆ. ಎಷ್ಟು ಹೆಮ್ಮೆಯಾಗಿತ್ತು ನನಗೆ.

ಸೇತುವೆಯ ಹತ್ತಿರ ತಡೆದರು. ಸಲಾಕೆಯವರು ಒಳಗೆ ಬಂದರು. ಹಸಿರು ಪಾಸ್‌ಪೋರ್ಟುಗಳು ಮೇಲೆದ್ದವು. ಟಾಂಗನ ಕೈ ಖಾಲಿ. ಜೇಬು ತಡಕಿದರು, ಕೆಂಪು ಸಿಕ್ಕಿತು.

"ಯಾರಿವನು?" ಸಲಾಕೆ ಹಿಡಿದ ಒಬ್ಬ ಹುಡುಗ ಕೇಳಿದ.

"ಗೊತ್ತಿಲ್ಲ. ನಮ್ಮ ಸಂಘದವನಲ್ಲ" ಅಂದರು ಫಾಂಗ್.

ಹುಡುಗ ನನ್ನ ಕಡೆ ತಿರುಗಿದ. ಪಕ್ಕದಲ್ಲೇ ಕೂತಿದ್ದೆ. "ನಿಮ್ಮವನಾ?"

ತಲೆ ಅಡ್ಡ ಆಡಿಸಿದೆ.

ಟಾಂಗ್ ನನ್ನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ... ಕೂದಲು ಹಿಡಿದು ಇಳಿಸಿದರು. ಮೊದಲ ಏಟು ಮಂಡಿಗೆ. ಎರಡನೆಯದು ಬಾಯಿಗೆ. ಡ್ರೈವರ್ ಗೇರ್ ಹಾಕಿದ. ಬಸ್ಸಿನಲ್ಲಿ ಒಬ್ಬರೂ ಹಿಂದೆ ತಿರುಗಲಿಲ್ಲ. ನಾನು ಮಾತ್ರ ತಿರುಗಿದೆ. ಅವರು ಇನ್ನೂ ಹೊಡೆಯುತ್ತಿದ್ದರು, ಅವನು ಅಲುಗುತ್ತಿರಲಿಲ್ಲ.

ಮೇ 17

ಆಸ್ಪತ್ರೆಯಲ್ಲಿ ಟಾಂಗನ ಶವವನ್ನು ಹಿಯೆಪ್ ಗುರುತಿಸಿದನಂತೆ. ಬೆರಳಿನ ಬಣ್ಣದಿಂದ. ಮುಖದಿಂದ ಆಗಲಿಲ್ಲವಂತೆ.

ಸಂಜೆ ಸಂಘದ ಸಭೆ. ಫಾಂಗ್ ಮದ್ಯದ ಬಟ್ಟಲು ಎತ್ತಿದರು. "ನಮ್ಮವರಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ. ಇದು ಸಂಘದ ಶಕ್ತಿ!" ಚಪ್ಪಾಳೆ. ಕಾರ್ಯದರ್ಶಿಗೂ ಒಂದು ಚಪ್ಪಾಳೆ. ನಾನೂ ತಟ್ಟಿದೆ. ಥೂ.

ಮೇ 19

ಟಾಂಗನ ಹೆಂಡತಿ ಬಂದಿದ್ದಾಳೆ, ಶವ ಒಯ್ಯಲು. ಸಣ್ಣ ಹೆಂಗಸು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಾವ್ರು ಸ್ವಂತ ಅಕ್ಕನ ಥರ ನೋಡ್ಕೋತಾರೆ ಅಂತ ಫೋನಲ್ಲಿ ಹೇಳೋರು. ಕೊನೇಲಿ ಒಬ್ರೇ ಇದ್ರಾ ಅವರು? ಅದೊಂದು ಹೇಳ್ಬಿಡಿ."

ಇಲ್ಲ ಅಂದೆ. ನಮ್ಮ ಬಸ್ಸಿನಲ್ಲಿದ್ದ, ನನ್ನ ಪಕ್ಕದಲ್ಲೇ ಅಂದೆ. ಸಮಾಧಾನವಾಗಲಿ ಎಂದೇ ಹೇಳಿದ್ದು. ಅವಳ ಮುಖ ಒಂದು ಕ್ಷಣ ಅರಳಿತು. ಆಮೇಲೆ ನಿಧಾನವಾಗಿ ನನ್ನ ಕೈ ಬಿಟ್ಟಳು.

"ಪಕ್ಕದಲ್ಲಾ? ಮತ್ತೆ ನಿಮಗೆ ಹೇಗೆ ಒಂದು ಏಟೂ ಬಿದ್ದಿಲ್ಲ?"