ಮುನ್ನೂರು ಮೀಟರಿನ ಗೆರೆ

ಕುದೂರು
18 ಜೂನ್ 2024

ಪ್ರೀತಿಯ ದೊಡ್ಡವ್ವನಿಗೆ,

ನಿನ್ನ ರಾಧಾಮಣಿಯ ನಮಸ್ಕಾರ. ಎರಡು ತಿಂಗಳಿಂದ ಸುದ್ದಿಯೇ ಇಲ್ಲವೆಂದು ಬೈದುಕೊಂಡಿರುತ್ತೀಯ, ಬೈಯಿ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಕಾಗದ ಬರೆಯಲು ನನಗೆ ಧೈರ್ಯ ಬರಲಿಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದಿಕೊಳ್ಳಲಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಿನ್ನ ಮಗಳು ಶ್ವೇತಳ ಕೈಗೆ ಕೊಟ್ಟು ಓದಿಸಬೇಡ.

ದೊಡ್ಡಆಲಹಳ್ಳಿಯಲ್ಲಿ ಬಾಣಂತಿ, ಮಗು ಚೆನ್ನಾಗಿದ್ದಾರೆಂದು ಜಯಕುಮಾರ್ ಭಾವ ಫೋನಿನಲ್ಲಿ ಹೇಳಿದರು. ಮಗಳ ಬಾಣಂತನಕ್ಕೆ ಹೋದವಳು ಅಳಿಯನ ಅಡುಗೆಮನೆಯನ್ನೂ ಕೈಗೆ ತೆಗೆದುಕೊಂಡಿದ್ದೀಯಂತೆ! ಮಗು ನೋಡಲು ಬಂದವರಿಗೆಲ್ಲ "ನಮ್ಮ ಯಜಮಾನರು ನೆಟ್ಟ ಮರ ಕೊಟ್ಟೆ, ಮಳೆಗಾಳಿ ನೋಡುವ ಮಿಸಿನ್ನು ಸರಿಹೋಯಿತು" ಎನ್ನುತ್ತೀಯಂತೆ. ನಿಜವಾಗಿ ಸರಿಹೋಯಿತಾ ಅಂತ ಕೇಳಲು ಹೇಳಿದೆಯಂತೆ. ನೆಟ್‌ವರ್ಕ್ ಇಲ್ಲವೆಂದು ಸುಳ್ಳು ಹೇಳಿ ಫೋನ್ ಇಟ್ಟೆ.

ನಿನ್ನ ಹೊಲದ ಪಕ್ಕದ ನಮ್ಮ ಆಫೀಸಿನ ರೇಡಾರ್ ಕಂಬಗಳನ್ನು ನೀನು ಬಟ್ಟೆ ಒಣಹಾಕುವ ಕಂಬ ಎನ್ನುತ್ತಿದ್ದೆ. ಅವು ಮೇಲಕ್ಕೆ ರೇಡಿಯೋ ಅಲೆ ಕಳಿಸುತ್ತವೆ. ಗಾಳಿಯ ಸುಳಿಗಳಿಗೆ ತಾಗಿ ಎಳ್ಳಷ್ಟು ಅಲೆ ವಾಪಸು ಬಂದರೂ ಸಾಕು, ಯಾವ ಎತ್ತರದಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂದು ಗೊತ್ತಾಗುತ್ತದೆ. ನೂರು ಕಿಲೋಮೀಟರ್ ಮೇಲೆ, ಬಿಸಿಲಿಗೆ ಗಾಳಿಯ ಕಣಗಳು ವಿದ್ಯುತ್ ಹೊತ್ತು ನಿಂತಿರುವ ಅಯಾನುಗೋಳವನ್ನೂ ಅವೇ ನೋಡುತ್ತವೆ. ಅಷ್ಟೆತ್ತರ ಕಾಣುವುದಕ್ಕೆ ಪಕ್ಕದ ಹೊಲದ ಹೊಂಗೆ ಮರ ಅಡ್ಡಬಂತೇ ಎಂದು ನೀನು ನಕ್ಕಿದ್ದೆ.

ಅಡ್ಡ ಬರುತ್ತದೆ ದೊಡ್ಡವ್ವ. ಮುನ್ನೂರು ಮೀಟರ್ ಆಚೆ ಅಲ್ಲಾಡುವ ಮರವನ್ನು ರೇಡಾರು ಮುನ್ನೂರು ಮೀಟರ್ ಮೇಲಿನ ಗಾಳಿ ಅಂದುಕೊಂಡುಬಿಡಬಹುದು. ನಮ್ಮ ಕಂಪ್ಯೂಟರ್ ಪರದೆಯಲ್ಲಿ ಆ ಎತ್ತರಕ್ಕೆ ಸದಾ ಒಂದು ಸುಳ್ಳು ಗೆರೆ ಕಾಣುತ್ತಿತ್ತು. ಮರವೇ ಕಾರಣ ಎಂದು ವರದಿ ಬರೆದವಳು ನಾನು. ನನ್ನ ಹೆಸರಿನಲ್ಲಿ ಹೋದ ಮೊದಲ ವರದಿ, ಬಹಳ ಮೆರೆದೆ.

ಆ ಮರದ ಬುಡದಲ್ಲೇ ದೊಡ್ಡಪ್ಪನನ್ನು ಮಣ್ಣು ಮಾಡಿದ್ದು. ಅದಕ್ಕೇ ಆಫೀಸಿನವರು ಮೂರು ಸಲ ಬಂದಾಗಲೂ ನೀನು ಬಾಗಿಲಲ್ಲೇ ಸಾಗಹಾಕಿದೆ. ನಾಲ್ಕನೆಯ ಸಲ ನಾನು ಬಂದೆ. ನೀನು, "ಅವ್ರು ಕೇಳಿದ್ರೆ ಕೊಡಾಕಿಲ್ಲ ಕಣವ್ವ. ನೀನು ಓದ್ದೋಳು, ನನ್ತಾವ ಸುಳ್ಳು ಹೇಳಾಕಿಲ್ಲ. ಕಡೀಲಿ ಬುಡು" ಅಂದೆ.

ಈಗ ಕೇಳು. ಮರ ಹೋದರೂ ಗೆರೆ ಹೋಗಲಿಲ್ಲ. ಹೋದ ವಾರ ನಮ್ಮದೇ ಜನರೇಟರ್ ಶೆಡ್ಡಿನ ಫ್ಯಾನು ಕೆಟ್ಟು ನಿಂತಿತು, ಗೆರೆಯೂ ನಿಂತಿತು. ಆ ಶೆಡ್ಡು ಕಂಬಗಳ ಇನ್ನೊಂದು ಬದಿಗೆ ಇದೆ, ಅದೂ ಮುನ್ನೂರು ಮೀಟರ್ ದೂರವೇ. ಒಂದು ತಗಡಿನ ಫ್ಯಾನಿಗೋಸ್ಕರ ನಿನ್ನ ಮರ ಕಡಿಸಿದೆ.

ನಮ್ಮ ಆಫೀಸಿನ ಅನಂತರಾಜು ಸಾಹೇಬರು ಬೈಯಲಿಲ್ಲ. ಈ ಕೆಲಸದಲ್ಲಿ ಇಂಥ ತಪ್ಪು ಯಾರಿಗಾದರೂ ಆಗುತ್ತದೆ, ನಾನೇ ಬಂದು ಆ ತಾಯಿಗೆ ಕೈಮುಗಿಯುತ್ತೇನೆ ಅಂದರು. ಅವರು ಒಳ್ಳೆಯವರಾದಷ್ಟೂ ನನಗೆ ಸಂಕಟ ಹೆಚ್ಚಾಯಿತು. ದೊಡ್ಡಪ್ಪನ ಸಮಾಧಿಗೆ ಬಿಸಿಲು ಬೀಳದಂತೆ ಗರಿಯ ಚಪ್ಪರ ಹಾಕಿಸಿದ್ದೇನೆ. ಬುಡ ಚಿಗುರಿದೆ ಎಂದು ಬರೆದರೆ ನಿನಗೆ ಒಸಿ ಸಮಾಧಾನವಾಗುತ್ತಿತ್ತೇನೋ. ಚಿಗುರಿಲ್ಲ.

ನೀನು ಬಂದ ಮೇಲೆ ಎಷ್ಟು ಬೈದರೂ ನಿಂತು ಕೇಳುತ್ತೇನೆ, ಮನೆಗೆ ಮಾತ್ರ ಬರಬೇಡ ಅನ್ನಬೇಡ. ಕೂಸಿಗೆ ನನ್ನ ಮುತ್ತು. ನೂರು ವರ್ಷ ಸುಖವಾಗಿ ಬಾಳಲಿ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ
ರಾಧಾಮಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮರ ಕಡಿಯುವ ಹಿಂದಿನ ಮಧ್ಯಾಹ್ನ ನಾವಿಬ್ಬರೂ ಅದರ ಬುಡದಲ್ಲಿ ಕೂತು ಮಜ್ಜಿಗೆ ಕುಡಿದೆವಲ್ಲ. ಒಂದೆಲೆಯೂ ಅಲ್ಲಾಡ್ತಿಲ್ಲ ಎಂದು ನೀನು ಸೆರಗಿನಿಂದ ಗಾಳಿ ಹಾಕಿಕೊಂಡೆ. ಆಫೀಸಿಗೆ ಹೋಗಿ ಆ ಹೊತ್ತಿನ ರೇಡಾರ್ ದಾಖಲೆ ತೆಗೆದು ನೋಡಿದೆ. ಗೆರೆ ಇತ್ತು. ಮರ ಅಲ್ಲಾಡದಿದ್ದಾಗಲೂ ಗೆರೆ ಇತ್ತು, ದೊಡ್ಡವ್ವ. ಕಾರಣ ಮರವಲ್ಲವೆಂದು ನನಗೆ ಅವತ್ತೇ ಗೊತ್ತಾಯಿತು. ವರದಿಯಲ್ಲಿ ನನ್ನ ಹೆಸರಿತ್ತು, ಸುಮ್ಮನಾದೆ. ಸಾಹೇಬರಿಗೂ ಇದು ತಿಳಿಯದು. ಮರುದಿನ ಬೆಳಿಗ್ಗೆ ಕಡಿಯುವವರು ಬಂದಾಗ ಅವರ ಜೊತೆ ನನಗೂ ನೀನು ಕಾಫಿ ಕೊಟ್ಟೆ. ನಾನು ಕುಡಿದೆ.