ಉಳಿದುಹೋದ ಹದಿನಾಲ್ಕು

ಮಾರ್ಚ್ 3, ಸೋಮವಾರ

ಸದನ ಸಮಿತಿ ಕೊನೆಗೂ ಹೊಸ ವಾಹನ ಮಸೂದೆಯ ಆರನೇ ಕಲಂ ಕಿತ್ತುಹಾಕಿತು. ಹೈಡ್ರೋಜನ್ ತುಂಬಿಸುವ ಬಂಕ್‌ಗಳ ಬಗ್ಗೆ ಇದ್ದದ್ದು. ಇನ್ನೂ ರಸ್ತೆಗಿಳಿಯದ ವಾಹನಕ್ಕೆ ಈಗಲೇ ಬಂಕ್ ಯಾಕೆ ಎಂದರಂತೆ ಒಬ್ಬರು. ಮಾತಿನಲ್ಲಿ ತಪ್ಪೇನಿಲ್ಲ. ಆದರೂ ಹನ್ನೊಂದು ದಿನ ತಲೆ ಕೆಡಿಸಿಕೊಂಡು ಬರೆದದ್ದು. ಒಂದು ಗೆರೆಯಲ್ಲಿ ಹೋಯಿತು.

ಇನ್ನು ಏಳು ಆರಾಗಬೇಕು, ಎಂಟು ಏಳಾಗಬೇಕು — ಕೊನೆಯವರೆಗೂ. ಒಳಗೆ ಎಲ್ಲೆಲ್ಲಿ ‘ಇಂಥ ಕಲಮಿನಲ್ಲಿ ಹೇಳಿದ’ ಎಂದಿದೆಯೋ ಅಲ್ಲೆಲ್ಲ ಸಂಖ್ಯೆ ತಿದ್ದಬೇಕು. ಸಂಜೆಯೊಳಗೆ ಮುದ್ರಣಕ್ಕೆ.

ನಮ್ಮ ಕರಡು ಶಾಖೆಯಲ್ಲಿ ಇದಕ್ಕೊಂದು ಪದ್ಧತಿ ಇದೆ. ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ಮಸೂದೆಯನ್ನು ಗಟ್ಟಿಯಾಗಿ ಓದುವುದು, ಕಾಮಾ ಫುಲ್‌ಸ್ಟಾಪ್ ಸಮೇತ. ಇನ್ನೊಬ್ಬರು ಪ್ರತಿಯೊಂದು ಸಂಖ್ಯೆ ಬಂದಾಗಲೂ ಆ ಕಲಂ ತೆರೆದು ನೋಡಿ ಪೆನ್ಸಿಲ್ ಗುರುತು ಹಾಕುವುದು. ನನ್ನ ಜೋಡಿ ಪೆನ್ಸಿಲ್ ಮೇಷ್ಟ್ರು. ಹಿಂದೆ ಶಾಲೆಯಲ್ಲಿದ್ದವರು, ಈಗ ಇಲ್ಲಿ ಪ್ರೂಫ್ ನೋಡುತ್ತಾರೆ. ಕಿವಿಯ ಮೇಲೆ ಪೆನ್ಸಿಲ್ ಇಲ್ಲದ ಅವರನ್ನು ನಾನು ಕಂಡಿಲ್ಲ. ಇವತ್ತು ಕಣ್ಣಿನ ಪೊರೆಯ ಆಪರೇಷನ್. ಎರಡು ವಾರ ರಜೆ.

ಒಬ್ಬಳೇ ಓದಿದೆ. ನಾನೇ ಓದಿ, ನಾನೇ ಗುರುತು ಹಾಕಿದೆ. ನನ್ನದೇ ಕರಡು. ಇಪ್ಪತ್ತು ವರ್ಷದ ಕೈ. ಐದೂವರೆಗೆ ಕಳಿಸಿಯಾಯಿತು.

ಮಾರ್ಚ್ 9, ಭಾನುವಾರ

ಅಕ್ಕನ ಮನೆಯಲ್ಲಿ ಊಟ.

ನನಗಿಂತ ಒಂಬತ್ತು ವರ್ಷ ದೊಡ್ಡವಳು. ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಕಳೆದ ವರ್ಷ ಡೀಸೆಲ್ ವ್ಯಾನ್ ಕೊಟ್ಟು ಬ್ಯಾಟರಿಯದ್ದು ತೆಗೆದುಕೊಂಡಳು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ತನ್ನದೇ ಪಾರ್ಕಿಂಗ್ ಜಾಗದಲ್ಲಿ, ತನ್ನದೇ ಮೀಟರ್ ಹಾಕಿಸಿ ಚಾರ್ಜ್ ಮಾಡುತ್ತಿದ್ದಳು. ಮೂರು ತಿಂಗಳ ಹಿಂದೆ ಅಸೋಸಿಯೇಷನ್ ಸೆಕ್ರೆಟರಿ ಬಂದು ಬೆಂಕಿ ಹತ್ತಿಕೊಳ್ಳುತ್ತದೆ ಎಂದು ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡು ಹೋದರು. ಅವತ್ತಿನಿಂದ ಅವರು ಫ್ಯೂಸ್ ಅಂಕಲ್. ಅವತ್ತಿನಿಂದ ಅಕ್ಕ ದಿನವೂ ಮಾರ್ಕೆಟ್ ಹಿಂದಿನ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕ್ಯೂ ನಿಲ್ಲುತ್ತಾಳೆ. ಒಂದೇ ಸ್ಟೇಷನ್, ಎರಡೇ ಪಾಯಿಂಟ್. ಮೂರು ಗಂಟೆ ಹೋಗುತ್ತದೆ. ಮಧ್ಯಾಹ್ನದ ಟ್ರಿಪ್ ತಡವಾಗುತ್ತದೆ. ಎರಡು ಮನೆಯವರು ಆಗಲೇ ಬೇರೆ ವ್ಯಾನ್ ಹಿಡಿದರು. ಇನ್ನೊಂದು ದೂರು ಬಂದರೆ ಮುಂದಿನ ವರ್ಷ ರೂಟೇ ಇಲ್ಲ ಎಂದಿದ್ದಾರೆ ಶಾಲೆಯವರು.

‘ಏನಮ್ಮಾ ಕಾನೂನು, ಎಲ್ಲಿಗೆ ಬಂತು ನಿನ್ನ ಕಾಗದ?’ ಎಂದಳು, ಅನ್ನ ಬಡಿಸುತ್ತಾ.

‘ಇಪ್ಪತ್ತೊಂದಕ್ಕೆ ಅಧಿವೇಶನ ಮುಗಿಯುತ್ತೆ. ಅದರೊಳಗೆ ಆಗಬೇಕು. ಆಗುತ್ತೆ.’

‘ಆಗ್ಲಿ ನೋಡ್ತೀನಿ. ಆ ಫ್ಯೂಸ್ ಅಂಕಲ್ ತಮ್ಮ ಕೈಯಾರೆ ಅದನ್ನ ತಂದು ಸಿಕ್ಕಿಸ್ಬೇಕು. ನಾನು ಟಾರ್ಚ್ ಹಿಡೀತೀನಿ. ಅಷ್ಟು ಮರ್ಯಾದೆ ಕೊಡ್ತೀನಪ್ಪ.’

ನಕ್ಕೆವು. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನಾಲ್ಕನೇ ಕಲಂ: ಯಾವುದೇ ನಿವಾಸಿ ತನ್ನ ಖರ್ಚಿನಲ್ಲಿ ತನ್ನ ಪಾರ್ಕಿಂಗ್ ಜಾಗದಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳಬಹುದು, ಸಂಘ ತಡೆಯುವಂತಿಲ್ಲ. ಅದನ್ನು ಅಕ್ಕನಿಗಾಗಿ ಬರೆದೆನೇ? ಇಲ್ಲ. ಕೇಳಿದ್ದು ಸಮಿತಿ, ಅವರ ಮುಂದೆ ಅರ್ಜಿಗಳ ಕಟ್ಟೇ ಇತ್ತು. ಆದರೆ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಅಕ್ಕನ ನೆಲಮಾಳಿಗೆ. ಬಾಸ್‌ಗೆ ಒಂದು ಮಾತು ಹೇಳಬೇಕಿತ್ತು. ಹೇಳುವಂಥದ್ದೇನಿದೆ ಎಂದುಕೊಂಡಿದ್ದೆ.

ಮಾರ್ಚ್ 14, ಶುಕ್ರವಾರ — ಮಧ್ಯಾಹ್ನ 1:20

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಕ್ಕ ಕ್ಯೂನಿಂದ ಫೋನ್ ಮಾಡಿದಳು. ಬೇಜಾರಂತೆ. ‘ನನ್ನ ಕಲಂ ಓದೇ, ಕೇಳ್ತೀನಿ. ಮುಂದೆ ಇನ್ನೂ ಐದು ಗಾಡಿ ಇದೆ.’ ಮುದ್ರಿತ ಪ್ರತಿ ಮೇಜಿನ ಮೇಲೇ ಇತ್ತು. ಓದಿದೆ. ಗಟ್ಟಿಯಾಗಿ. ಕೊನೆಯ ಸಾಲು: ‘ಆದರೆ ಹದಿನಾಲ್ಕನೇ ಕಲಮಿನಲ್ಲಿ ಹೇಳಿದ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ.’

‘ಅದ್ಯಾವ ಕಟ್ಟಡ?’ ಎಂದಳು.

‘ಕೆಡವಬೇಕು ಅಂತ ಆದೇಶ ಆಗಿರೋ ಕಟ್ಟಡ. ನಿಮ್ಮದಲ್ಲ. ತಾಳು, ಅದನ್ನೂ ಓದ್ತೀನಿ.’

ಪುಟ ತಿರುಗಿಸಿದೆ. ಕೆಡವುವ ಕಟ್ಟಡಗಳದ್ದು ಈಗ ಹದಿಮೂರು. ಆರನೆಯದು ಹೋದಮೇಲೆ ಎಲ್ಲ ಒಂದೊಂದು ಮೇಲೆ ಬಂದಿವೆ. ಹದಿನಾಲ್ಕು ಎಂದರೆ ಈಗ ‘ಈ ಕಾಯ್ದೆಗೆ ಮೊದಲೇ ಕಟ್ಟಿದ ಎಲ್ಲ ಕಟ್ಟಡಗಳು’.

ಎಲ್ಲ. ಅಂದರೆ ನಾಲ್ಕನೇ ಕಲಂ ಇನ್ನೂ ಕಟ್ಟದ ಮನೆಗಳಿಗೆ ಮಾತ್ರ. ಇವತ್ತು ಯಾರೆಲ್ಲ ಅಪಾರ್ಟ್‌ಮೆಂಟಿನಲ್ಲಿದ್ದಾರೋ ಅವರಲ್ಲಿ ಒಬ್ಬರಿಗೂ ಇಲ್ಲ.

‘ಏನಾಯ್ತೇ? ಇದ್ದೀಯಾ?’

ಇದ್ದೇನೆ ಎಂದೆ. ಆಮೇಲೆ ಮಾಡುತ್ತೇನೆ ಎಂದು ಇಟ್ಟೆ.

ಪದ್ಧತಿ ಯಾಕಿದೆ ಎಂದು ಈಗ ಗೊತ್ತಾಯಿತು. ಬರೆದವಳ ಕಣ್ಣು ಕಾಗದದಲ್ಲಿರುವುದನ್ನು ಓದುವುದಿಲ್ಲ, ತಾನು ಬರೆದದ್ದನ್ನು ಓದುತ್ತದೆ. ಎದುರಿಗೆ ಕೇಳುವ ಇನ್ನೊಬ್ಬರು ಬೇಕು.

ಮಾರ್ಚ್ 17, ಸೋಮವಾರ

ಮೇಷ್ಟ್ರು ಕೆಲಸಕ್ಕೆ ಬಂದರು. ಕಪ್ಪು ಕನ್ನಡಕ, ಕಿವಿಯ ಮೇಲೆ ಹೊಸ ಪೆನ್ಸಿಲ್. ಮೊದಲು ಅವರಿಗೇ ಹೇಳಿದೆ.

‘ಒಬ್ಬರೇ ಓದಿದ್ರಾ ಮೇಡಂ?’

‘ಒಬ್ಬಳೇ.’

‘ಹ್ಞೂಂ.’ ಪೆನ್ಸಿಲ್ ಕಿವಿಯಿಂದ ತೆಗೆದು, ‘ನಾನು ಶಾಲೇಲಿದ್ದಾಗ ಇಂಥದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ನಿಮಗಾದ್ರೆ ಕುರ್ಚಿ ಚಕ್ರದ್ದು. ಬೇಡ ಬಿಡಿ, ಬೀಳ್ತೀರಿ.’

ನಗು ಬಂತು. ಮೂರು ದಿನದಿಂದ ಬಂದಿರಲಿಲ್ಲ.

ಬಾಸ್ ಹತ್ತಿರ ಹೋದೆ. ಶಾಖೆಯ ಮುಖ್ಯಸ್ಥರು, ಒಳ್ಳೆಯವರೇ, ಸ್ವಲ್ಪ ಅವಸರ ಜಾಸ್ತಿ. ಕೇಳಿ ಡ್ರಾಯರ್‌ನಿಂದ ಒಂದು ಹಸಿರು ಚೀಟಿ ತೆಗೆದರು. ತಿದ್ದುಪಡಿ ಚೀಟಿ. ಅಕ್ಷರ ತಪ್ಪು, ಸಂಖ್ಯೆ ತಪ್ಪು ಇದ್ದರೆ ಅದನ್ನು ಸದನದಲ್ಲಿ ಮಂಡಿಸದೆ ನಾವೇ ತಿದ್ದಬಹುದು. ನಮ್ಮಿಬ್ಬರ ಸಹಿ ಸಾಕು.

‘ಹದಿನಾಲ್ಕು ಹೊಡೆದು ಹದಿಮೂರು ಮಾಡಿ. ಮುಗೀತು. ಯಾಕೆ ಇಷ್ಟು ದೊಡ್ಡ ಮುಖ?’

‘ಸಮಿತಿಯಲ್ಲಿ ಇಬ್ಬರು ಹಳೇ ಕಟ್ಟಡ ಸೇರಿಸಬೇಡಿ ಅಂದಿದ್ರು ಸರ್. ಆಗ ಸೋತ್ರು. ಆದ್ರೆ ಆಮೇಲೆ ಎಲ್ಲರೂ ಸಹಿ ಹಾಕಿರೋದು ಹದಿನಾಲ್ಕು ಅಂತಿರೋ ಪ್ರತಿಗೆ. ಆ ಇಬ್ಬರು ತಮ್ಮ ಮಾತು ಉಳೀತು ಅಂತಲೇ ಸಹಿ ಹಾಕಿದ್ರೆ?’

‘ಹಾಕಿರಲ್ಲ. ಯಾರೂ ಓದಿರಲ್ಲ. ಓದೋರು ನಾವೇ.’

‘ಇನ್ನೊಂದಿದೆ. ಈ ಕಲಂ ನಮ್ಮಕ್ಕನಿಗೆ ಅನುಕೂಲ.’ ಫ್ಯೂಸಿನ ಕಥೆ ಪೂರ್ತಿ ಹೇಳಿದೆ.

ಅವರು ಚೀಟಿಯನ್ನು ಮೇಜಿನ ಮೇಲಿಟ್ಟರು. ತಿದ್ದುಪಡಿ ಸದನಕ್ಕೆ ಹೋದರೆ ಹಳೇ ಕಟ್ಟಡಗಳ ಚರ್ಚೆ ಮತ್ತೆ ತೆರೆಯುತ್ತದೆ, ಶುಕ್ರವಾರ ದಾಟಿದರೆ ಮಸೂದೆಯೇ ಸತ್ತಹಾಗೆ, ನಿಮ್ಮಕ್ಕನಿಗೂ ಇಲ್ಲ, ಯಾರಿಗೂ ಇಲ್ಲ — ಹೀಗೆ ಎಣಿಸಿ ಹೇಳಿದರು. ಎಲ್ಲ ನಿಜ.

‘ನಾಳೆ ಬೆಳಗ್ಗೆ ಹೇಳಿ,’ ಎಂದರು. ‘ಚೀಟಿ ಇಲ್ಲೇ ಇರುತ್ತೆ.’

ಮಾರ್ಚ್ 18, ಮಂಗಳವಾರ

ಚೀಟಿಗೆ ಸಹಿ ಹಾಕಲಿಲ್ಲ.

ಯಾರ ಹಕ್ಕು ಇರುತ್ತದೆ, ಯಾರದ್ದು ಹೋಗುತ್ತದೆ ಎನ್ನುವುದನ್ನೇ ಬದಲಿಸುವ ಸಂಖ್ಯೆ ಬರೀ ಸಂಖ್ಯೆಯಲ್ಲ. ನನ್ನ ಅಕ್ಕ ಅದರಲ್ಲಿಲ್ಲದಿದ್ದರೆ ಹಾಕುತ್ತಿದ್ದೆನೇ? ಹಾಕುತ್ತಿದ್ದೆನೇನೋ. ಅದೂ ತಪ್ಪೇ ಆಗುತ್ತಿತ್ತು, ತಪ್ಪು ಎಂದು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಒಂದು ಪುಟದ ಟಿಪ್ಪಣಿ. ತಪ್ಪು ನನ್ನದು, ಒಬ್ಬಳೇ ಓದಿದ್ದು, ಅಕ್ಕನ ವಿಷಯ, ಸದನದಲ್ಲೇ ತಿದ್ದಬೇಕೆಂಬ ಸಲಹೆ. ಮೇಷ್ಟ್ರು ಎದುರು ಕೂತರು, ನಾನು ಗಟ್ಟಿಯಾಗಿ ಓದಿದೆ. ‘ತಪ್ಪು ನನ್ನದು’ ಎನ್ನುವಲ್ಲಿ ಅವರು ಪೆನ್ಸಿಲ್ ಎತ್ತಿದರು. ‘ಇದು ಎರಡು ಸಲ ಬಂದಿದೆ. ಒಂದು ಸಾಕು.’ ಒಂದನ್ನು ಹೊಡೆದರು.

ಬಾಸ್ ಓದಿ, ನಿಟ್ಟುಸಿರು ಬಿಟ್ಟು, ಕೆಳಗೆ ‘ಒಪ್ಪಿದೆ’ ಎಂದು ಬರೆದರು. ಸಂಜೆಯೊಳಗೆ ಸಾರಿಗೆ ಸಚಿವರ ಕಚೇರಿಗೆ ಹೋಯಿತು.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಸಿರು ಚೀಟಿಯದ್ದೂ.

‘ಅಂದ್ರೆ ನೀನೊಂದು ಸಹಿ ಹಾಕಿದ್ರೆ ಆಗೋಗ್ತಿತ್ತು.’

‘ಹೌದು.’

‘ಹಾಕ್ಲಿಲ್ಲ.’

‘ಇಲ್ಲ.’

‘ಇಪ್ಪತ್ತೆರಡು ಮಕ್ಕಳು ಕಣೇ ನನ್ನ ವ್ಯಾನಲ್ಲಿದ್ದಿದ್ದು. ಈಗ ಹತ್ತೊಂಬತ್ತು. ನಿನ್ನ ಇಂಗ್ಲಿಷ್ ಸ್ಕೂಲಿಗೆ ದಿನಾ ಸೈಕಲ್ ಮೇಲೆ ಕೂರಿಸ್ಕೊಂಡು ಬಿಟ್ಟು ಬರ್ತಿದ್ದೆನಲ್ಲ, ಅಲ್ಲಿ ಇದನ್ನೇ ಕಲಿಸಿದ್ರಾ?’

ಉತ್ತರ ಹೇಳುವ ಮೊದಲೇ ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ತೆಗೆಯಲಿಲ್ಲ.

ಮಾರ್ಚ್ 20, ಗುರುವಾರ — ಸಂಜೆ 4:45

ಆಯಿತು.

ಸದನದಲ್ಲಿ ಅಧಿಕಾರಿಗಳಿಗೆ ಮೀಸಲಾದ ಬಾಕ್ಸಿನಲ್ಲಿ ಕೂತಿದ್ದೆ. ನಾವು ಅಲ್ಲಿ ಮಾತಾಡುವಂತಿಲ್ಲ. ಚೀಟಿ ಕಳಿಸಬಹುದು, ತಲೆಯಾಡಿಸಬಹುದು. ಸಚಿವರು ಎದ್ದು ತಿದ್ದುಪಡಿ ಮಂಡಿಸಿದರು. ಕರಡು ಶಾಖೆಯೇ ತನ್ನ ತಪ್ಪನ್ನು ಬರೆದು ತಿಳಿಸಿದೆ, ಬರೆದವರು ತಮ್ಮ ಸಂಬಂಧಿಕರ ವಿಷಯವನ್ನೂ ಮುಚ್ಚಿಟ್ಟಿಲ್ಲ ಎಂದರು. ಎರಡೂ ಬದಿಯಿಂದ ತಲೆಗಳು ನಮ್ಮ ಬಾಕ್ಸಿನ ಕಡೆ ತಿರುಗಿದವು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

ವಿರೋಧ ಪಕ್ಷದ ಸದಸ್ಯೆ ಒಬ್ಬರು ಎದ್ದರು. ಸಮಿತಿಯ ಆ ಇಬ್ಬರಲ್ಲಿ ಒಬ್ಬರು.

‘ನಾನು ಆ ಪ್ರತಿ ಓದಿದ್ದೆ ಸ್ವಾಮಿ. ಹದಿನಾಲ್ಕು ಅಂತಲೇ ಓದಿದ್ದೆ. ನನ್ನ ಮಾತಿಗೆ ಬೆಲೆ ಬಂತು ಅಂತ ಖುಷಿಯಿಂದ ಸಹಿ ಹಾಕಿದ್ದೆ. ಈಗ ತಪ್ಪಾಗಿತ್ತು ಅಂತೀರಿ!’

ಬಾಸ್ ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

ಆಕೆಯ ವಾದ ಮೂರ್ಖತನದ್ದೇನಲ್ಲ. ಹಳೆಯ ಕಟ್ಟಡಗಳ ವೈರು ಹಳೆಯದು. ಒಬ್ಬೊಬ್ಬರೂ ಬೇಕಾದ ಹಾಗೆ ಎಳೆದುಕೊಂಡರೆ ಯಾರು ಜವಾಬ್ದಾರಿ? ಒಂದೂವರೆ ಗಂಟೆ ಎಳೆದಾಟ. ಕೊನೆಗೆ ರಾಜಿ: ಹದಿನಾಲ್ಕು ಹದಿಮೂರಾಗುತ್ತದೆ. ಆದರೆ ಹಳೆಯ ಕಟ್ಟಡದಲ್ಲಿ ನಿವಾಸಿಯು ಸಂಘಕ್ಕೆ ಆರು ತಿಂಗಳ ನೋಟಿಸ್ ಕೊಡಬೇಕು. ಅಷ್ಟರಲ್ಲಿ ಸಂಘ ವೈರಿಂಗ್ ಪರೀಕ್ಷೆ ಮಾಡಿಸಬೇಕು. ಮಾಡಿಸಲಿ ಬಿಡಲಿ, ಆರು ತಿಂಗಳ ಮೇಲೆ ತಡೆಯುವ ಹಾಗಿಲ್ಲ.

ಆ ವಾಕ್ಯವನ್ನು ಬಾಕ್ಸಿನಲ್ಲೇ ಬರೆದುಕೊಟ್ಟೆ. ಇಪ್ಪತ್ತು ನಿಮಿಷ. ಮೇಷ್ಟ್ರು ಪಕ್ಕದಲ್ಲಿದ್ದರು. ಪಿಸುಮಾತಿನಲ್ಲಿ ಓದಿದೆವು, ಪ್ರತಿ ಸಂಖ್ಯೆಗೂ ಪುಟ ತಿರುಗಿಸಿ. ಮಸೂದೆ ಅಂಗೀಕಾರ.

ಒಳ್ಳೆಯ ವಾಕ್ಯ. ಇಡೀ ಮಸೂದೆಯಲ್ಲೇ ಬಿಗಿಯಾದದ್ದು. ಅಕ್ಕನ ಆರು ತಿಂಗಳು ತಿಂದ ವಾಕ್ಯವೂ ಅದೇ.

ಅವತ್ತು ಹಸಿರು ಚೀಟಿಗೆ ಸಹಿ ಹಾಕಿದ್ದರೆ, ಆ ಸದಸ್ಯೆ ಓದಿ ಒಪ್ಪಿದ್ದರು ಎಂದು ನನಗೆಂದೂ ಗೊತ್ತಾಗುತ್ತಿರಲಿಲ್ಲ. ನಾವು ಸಂಖ್ಯೆ ಬದಲಿಸಿದ್ದು ಅವರಿಗೆ ಗೊತ್ತಾಗುತ್ತಿತ್ತು.

ಅಕ್ಕನಿಗೆ ಮೆಸೇಜ್ ಮಾಡಿದೆ. ಎರಡು ನೀಲಿ ಟಿಕ್, ಓದಿದ್ದಾಳೆ. ಉತ್ತರ ಇಲ್ಲ.

ಏಪ್ರಿಲ್ 16, ಬುಧವಾರ

ಗೆಜೆಟ್‌ನಲ್ಲಿ ಬಂತು. ಇವತ್ತಿನಿಂದ ಜಾರಿ. ನನ್ನ ಹೆಸರು ಎಲ್ಲೂ ಇಲ್ಲ. ಇರಬಾರದು ಕೂಡ.

ಅಕ್ಕ ಮಾತಾಡಿ ನಾಲ್ಕು ವಾರ.

ಏಪ್ರಿಲ್ 17, ಗುರುವಾರ — ಬೆಳಗ್ಗೆ 9:30

ಬೆಳಗಿನ ಟ್ರಿಪ್ ಮುಗಿಸಿ ಸೀದಾ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತು,

‘ನಮ್ಮ ಬೀದಿ ಟೈರ್ ಅಂಗಡಿಯವನು ಒಪ್ಪಿದಾನೆ. ಹತ್ತರಿಂದ ಒಂದರವರೆಗೆ ವ್ಯಾನ್ ಚಾರ್ಜ್ ಮಾಡೋಕೆ ಪ್ಲಗ್ ಕೊಡ್ತಾನಂತೆ. ಬದಲಿಗೆ ಅವನ ಎರಡು ಮಕ್ಕಳನ್ನ ನಾನೇ ಸ್ಕೂಲಿಗೆ ಬಿಡಬೇಕು. ಇಪ್ಪತ್ತೊಂದಾಯ್ತು.’

‘ಅಕ್ಕ —’

‘ಇರು, ನನ್ನದು ಮುಗೀಲಿ. ನಿನ್ನೆ ಫ್ಯೂಸ್ ಅಂಕಲ್ ಲಿಫ್ಟಲ್ಲಿ ಸಿಕ್ಕಿದ್ರು. ಏನ್ರೀ, ತಂಗಿ ಕೈಲಿ ಕಾನೂನೇ ಬರೆಸ್ಕೊಂಡ್ರಂತೆ ಅಂದ್ರು. ಬರೆಸ್ಕೊಂಡಿದ್ರೆ ಆರು ತಿಂಗಳು ಕಾಯೋ ಹಾಗೆ ಬರೆಸ್ಕೊಳ್ತಿದ್ನಾ ಅಂದೆ. ಬಾಯಿ ಮುಚ್ಕೊಂಡು ಎರಡನೇ ಮಹಡೀಲೇ ಇಳಿದ್ರು. ಅವರ ಮನೆ ಇರೋದು ಐದರಲ್ಲಿ.’

ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಅವಳು ನಗಲಿಲ್ಲ.

‘ಸಿಟ್ಟು ಇನ್ನೂ ಇದೆ. ಇರುತ್ತೆ ಸ್ವಲ್ಪ ದಿನ. ಈಗ ಕೂತು ನೋಟಿಸ್ ಬರಿ. ಒಂದು ತೂತೂ ಇರಬಾರದು.’

ಬರೆದೆ. ಎಂಟು ಸಾಲು. ಅಕ್ಕ ಸಹಿ ಹಾಕಿದಳು, ಅವಸರವಿಲ್ಲದೆ, ಹೆಸರು ಪೂರ್ತಿ.

ಅದೇ ದಿನ — 10:10, ವ್ಯಾನಿನಲ್ಲಿ

ಅಕ್ಕನ ಅಪಾರ್ಟ್‌ಮೆಂಟಿನ ಅಂಗಳ; ಮುಂದಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾನೂ ಒಳಗೆ ಬರುತ್ತೇನೆ ಎಂದೆ. ‘ನೀನು ಇಲ್ಲೇ ಇರು. ನೀನು ಬಂದ್ರೆ ಅದು ನಿನ್ನ ಕಾನೂನಾಗುತ್ತೆ. ನಾನೊಬ್ಬಳೇ ಹೋದ್ರೆ ನಂದು,’ ಎಂದಳು. ನಾನು ಇಷ್ಟು ನೇರವಾಗಿ ಒಂದು ಕಲಮನ್ನೂ ಬರೆದಿಲ್ಲ.

ಅಸೋಸಿಯೇಷನ್ ರೂಮಿನ ಗಾಜು ಇತ್ತ ಕಡೆಗೇ ಇದೆ. ಫ್ಯೂಸ್ ಅಂಕಲ್ ಮೇಜಿನ ಹಿಂದೆ. ಅಕ್ಕ ಕಾಗದ ಕೊಟ್ಟಳು. ಕೂರಿ ಎಂದು ಕೈ ತೋರಿಸಿದರು, ಕೂರಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡರು. ಓದುತ್ತಿದ್ದಾರೆ. ಬೆರಳು ಸಾಲಿನ ಮೇಲೆ ಹೋಗುತ್ತಿದೆ, ನಿಧಾನ. ಓದಲಿ. ಎಷ್ಟು ಸಲ ಬೇಕಾದರೂ ಓದಲಿ, ಒಂದು ಸಂಖ್ಯೆಯೂ ಕದಲುವುದಿಲ್ಲ. ಅಕ್ಕ ಕೈಕಟ್ಟಿ ನಿಂತಿದ್ದಾಳೆ. ಕೊನೆಯ ಸಾಲಿಗೆ ಬಂದರು. ಡ್ರಾಯರ್ ಎಳೆದರು. ‘ಸ್ವೀಕರಿಸಿದೆ’ ಸೀಲು ಇರಬೇಕು. ಹೌದು, ಒತ್ತಿದರು. ಈಗ ತಲೆಯೆತ್ತಿ ಅಕ್ಕನಿಗೆ ಏನೋ ಹೇಳುತ್ತಿದ್ದಾರೆ, ಗಾಜಿನಾಚೆ ಕೇಳಿಸುವುದಿಲ್ಲ; ಸೀಲು ಬಿದ್ದ ಪ್ರತಿ ಅಕ್ಕನ ಕೈಯಲ್ಲಿದೆ.