ಕಾಲು ಮುಂದಾಗಿ ಹುಟ್ಟಿದವಳಿಗೆ

ಮೋರಖಂಡಿ
೮-೨-೨೦೨೫, ಶನಿವಾರ

ಪ್ರೀತಿಯ ತಂಗಿ ಮನೀಷಾಗೆ ಅಕ್ಕ ರತ್ನಮಾಲಾಳ ಜೈಭೀಮ್.

ನೀನು ಫೋನ್ ಮಾಡಿದಾಗಲೆಲ್ಲ ನಿದ್ದೆ ಬಂದಿದೆ ಎಂದು ಸುಳ್ಳು ಹೇಳಿದೆ, ಸಿಟ್ಟಾಗಬೇಡ. ಫೋನು ಅವ್ವನ ಕೈಯಲ್ಲಿರುತ್ತದೆ. ಇದು ಅವಳ ಮುಂದೆ ಆಡುವ ಮಾತಲ್ಲ. ಮಲಗಿಯೇ ಬರೆಯುತ್ತಿದ್ದೇನೆ, ಪೆನ್ನು ಮೇಲ್ಮುಖವಾದರೆ ಹಾಳಾದ ಮಸಿ ಇಳಿಯುವುದಿಲ್ಲ.

ಎಮ್ಮೆ ಈದಿದೆ, ಹೆಣ್ಣುಗರು. ನನ್ನ ಮೂತ್ರದ ಚೀಲ ಖಾಲಿ ಮಾಡಿ, ಕೈ ತೊಳೆದು, ಅವ್ವ ಹಾಲು ಹಿಂಡಲು ಹೋಗುತ್ತಾಳೆ. ನನ್ನ ಮನೆಯವರು, ನಿಮ್ಮ ಮಾಮಾ, ಮೊದಲು ಮಗ್ಗುಲು ಹೊರಳಿಸುತ್ತಿದ್ದರು. ಈಗ ಬಾಗಿಲಲ್ಲೇ ನಿಂತು "ಹ್ಯಾಂಗ ಅದ?" ಅಂತ ಕೇಳಿ ಹೋಗುತ್ತಾರೆ. ಕೆಳಗೆ ಹುಣ್ಣಾಗಿದೆಯಂತೆ. ನನಗೇನು ಗೊತ್ತು, ಅದು ನೋಯುವುದಿಲ್ಲ.

ಸೋಯಾ ಚೀಲದ ಟ್ರಾಲಿಯಿಂದ ಜಾರಿ ಕುಂಡಿಯೂರಿ ಬಿದ್ದ ಮರುದಿನ ನನ್ನನ್ನು ಕಲಬುರಗಿಗೆ ಒಯ್ದರಲ್ಲ, ಅಲ್ಲಿ ಡಾಕ್ಟರು ಸೂಜಿ ಚುಚ್ಚುತ್ತ ಬಂದರು. ತೊಡೆಯಿಂದ ಕೆಳಗೆ ಏನೂ ಗೊತ್ತಾಗಲಿಲ್ಲ. "ಬೆನ್ನಿನ ಮಣಿ ಒಡದದ. ಚೂರು ನರದ ಮ್ಯಾಲ ಕೂತದ," ಎಂದರು. ರಾಡು, ಸ್ಕ್ರೂ ಹಾಕಿದ ಮೇಲೆ, "ಬೆನ್ನು ನಿಲ್ತದ, ಕಾಲಿಂದು ಹೇಳಾಕ ಆಗಂಗಿಲ್ಲ. ಬಿದ್ದ ಮ್ಯಾಲ ಯಾರರೆ ತುಳಿದ್ರೇನು?" ಎಂದು ಕೇಳಿದರು. ಅವ್ವ ನನ್ನ ಕೈ ಚಿವುಟಿ, "ಇಲ್ರಿ ಸಾಹೇಬ್ರ" ಎಂದಳು.

ನಿನ್ನೆ ನೀನು ಅವ್ವನಿಗೆ ಹೇಳಿದ್ದು ಫೋನಿನ ಸ್ಪೀಕರಿನಲ್ಲಿ ನನಗೂ ಕೇಳಿಸಿತು: "ನಮ್ಮ ಅತ್ತಿ ಬಚ್ಚಲದಾಗ ಬಿದ್ದಾರ. ಐತವಾರ ಬೆನ್ನು ತುಳಿತೀನಿ. ನನ್ನಂಗ ಕಾಲು ಮುಂದಾಗಿ ಹುಟ್ಟಿದಾಕಿ ತುಳದ್ರ ಬೆನ್ನಿನ ಚಮಕು, ನೋವು ನಿಲ್ತದೇನು!" ಅವ್ವ ಹೂಂ ಅಂದಳು. ಹೂಂ ಅಂದಳಲ್ಲೇ, ಮನೀಷಾ!

ನಾಳೆ ಅತ್ತೆಯ ಬೆನ್ನು ತುಳಿಯಬೇಡ. ಅವರನ್ನು ಕೂಡಿಸಲೂ ಬೇಡ. ಇಡೀ ಮೈ ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ಯಿ. ನಮ್ಮ ಓಣಿಯ ಜಹೀರುದ್ದೀನ್ ಚಾಚಾ ಇವತ್ತು ಸಂಜೆಯ ಬಸ್ಸಿಗೆ ನಿಮ್ಮ ಹುಮನಾಬಾದಿಗೆ ಬರುತ್ತಾರೆ. ಪತ್ರ ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ನಿನ್ನ ಕಾಲು ಗಟ್ಟಿಯಾಗಿರಲಿ. ನೂರು ವರ್ಷ ನಡೆ.

ನಿನ್ನ ಅಕ್ಕ,
ರತ್ನಮಾಲಾ

ತಾ.ಕ.: ಬಿದ್ದಾಗಲೇ ಕಾಲು ಹೋಗಿದ್ದವು ಎಂದು ಅವ್ವ ನಿನಗೆ ಹೇಳಿದ್ದು ಸುಳ್ಳು. ಹೊಲದಿಂದ ಮನೆಗೆ ನಾನು ನಡೆದೇ ಬಂದಿದ್ದೆ. ಅವತ್ತೇ ಸಂಜೆ ಬೆನ್ನು ತುಳಿಯಲು ಅವ್ವ ನಿನ್ನನ್ನು ಕರೆಸಿದಳು. ನೀನು ಮೂರನೆಯ ಸಲ ತುಳಿದಾಗ ಒಳಗೆ ಕಟಕ್ ಅಂತು. "ಕೂಡ್ತು ನೋಡಕ್ಕ!" ಎಂದು ಚಪ್ಪಾಳೆ ಹೊಡೆದೆ. ಆ ಕ್ಷಣದಿಂದಲೇ ನನಗೆ ಕಾಲ್ಬೆರಳು ಆಡಿಸಲು ಬರಲಿಲ್ಲ. ನೀನು ಅಷ್ಟು ಖುಷಿಯಾಗಿದ್ದೆ, ನಾನೂ ನಕ್ಕೆ.